ಕೊಡುವವರ ಡಾಕ್ಟರು ಯಾರು?

ಅಕ್ಕಾರ,

ನಿಮ್ಮ ಪತ್ರ ಮುಟ್ಟಿತು. ತಮ್ಮನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್, ಅದಕ್ಕಾಗಿ ನಸುಕಿನಲ್ಲೇ ಎದ್ದು ಅಣ್ಣಿಗೇರಿಯಿಂದ ಹುಬ್ಬಳ್ಳಿಗೆ ಓಡಾಟ, ಮಾಡಿಸಿಕೊಂಡು ಬಂದ ದಿನ ಅವರಿಗೆ ಒಂದು ರೊಟ್ಟಿಯೂ ಸೇರುವುದಿಲ್ಲ ಎಂದು ಬರೆದಿದ್ದೀರಿ. ಓದಿ ಸಂಕಟವಾಯಿತು. ನೀವು ನಿಮ್ಮ ಒಂದು ಕಿಡ್ನಿ ಕೊಡಲು ಮನಸ್ಸು ಮಾಡಿದ್ದೀರಿ, ಮನೆಯವರೆಲ್ಲ ಈಗ ಒಂದೇ ಮಾತು ವಿಚಾರಿಸುತ್ತಿದ್ದಾರೆ: "ಆಪರೇಷನ್ನಿಗೆ ಯಾವ ಡಾಕ್ಟರು ಚಲೋ ಅದಾರ?"

ನಾನು ಡಾಕ್ಟರಲ್ಲ. ಈ ವಿಷಯವನ್ನು ಬಹಳ ದಿನಗಳಿಂದ ಓದಿಕೊಂಡು, ತಿಳಿದವರನ್ನು ಕೇಳಿಕೊಂಡು ಬಂದವನು, ಅಷ್ಟೇ. ಆ ಬಲದ ಮೇಲೆ ಮೊದಲಿಗೇ ಒಂದು ಮಾತು ಹೇಳುತ್ತೇನೆ. ನಿಮ್ಮ ಮನೆಯವರು ಕೇಳುತ್ತಿರುವುದು ತಮ್ಮನ ಡಾಕ್ಟರ ಬಗ್ಗೆ. ನಿಮ್ಮ ಡಾಕ್ಟರು ಯಾರು ಎಂದು ಇನ್ನೂ ಯಾರೂ ಕೇಳಿದಂತಿಲ್ಲ.

ಕಿಡ್ನಿ ಕಸಿ ಎಂದರೆ ಒಂದು ಆಪರೇಷನ್ ಅಲ್ಲ, ಎರಡು. ಒಂದು ಕೊಠಡಿಯಲ್ಲಿ ನಿಮ್ಮ ಕಿಡ್ನಿ ತೆಗೆಯುತ್ತಾರೆ, ಪಕ್ಕದ ಕೊಠಡಿಯಲ್ಲಿ ಅದನ್ನು ತಮ್ಮನ ಹೊಟ್ಟೆಯ ಕೆಳಭಾಗದಲ್ಲಿ ಕೂಡಿಸುತ್ತಾರೆ. ಎರಡನೆಯದು ರೋಗಿಗೆ ಮಾಡುವ ಚಿಕಿತ್ಸೆ. ಮೊದಲನೆಯದು ಯಾವ ಕಾಯಿಲೆಯೂ ಇಲ್ಲದ ಮನುಷ್ಯರ ಮೇಲೆ ಕತ್ತಿ ಇಡುವ ಕೆಲಸ. ಅದರಿಂದ ನಿಮ್ಮ ದೇಹಕ್ಕೆ ಎಳ್ಳಷ್ಟೂ ಲಾಭವಿಲ್ಲ. ಅದಕ್ಕೇ ಅಲ್ಲಿ ಸಣ್ಣ ತಪ್ಪಿಗೂ ಕ್ಷಮೆ ಇರಬಾರದು ಎನ್ನುವವನು ನಾನು.

ಇದಕ್ಕೊಂದು ಹಳೆಯ ಉದಾಹರಣೆ ಇದೆ. ಜಗತ್ತಿನಲ್ಲಿ ಬದುಕಿರುವವರಿಂದ ಪಡೆದ ಕಿಡ್ನಿಯ ಕಸಿ ಮೊದಲು ಯಶಸ್ವಿಯಾದದ್ದು 1954ರ ಡಿಸೆಂಬರ್ 23ರಂದು, ಅಮೆರಿಕದ ಬೋಸ್ಟನ್ನಿನ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ. ಅವಳಿ ಅಣ್ಣತಮ್ಮಂದಿರು. ರಿಚರ್ಡ್ ಹೆರಿಕ್ ಸಾಯುವ ಸ್ಥಿತಿಯಲ್ಲಿದ್ದ, ಕಿಡ್ನಿ ಕೊಟ್ಟವನು ರೊನಾಲ್ಡ್ ಹೆರಿಕ್. ಕಸಿ ಮಾಡಿದ ಜೋಸೆಫ್ ಮರ್ರೆ ಅವರಿಗೆ 1990ರಲ್ಲಿ ನೊಬೆಲ್ ಪ್ರಶಸ್ತಿ ಬಂತು, ಅವರ ಹೆಸರು ಪುಸ್ತಕಗಳಲ್ಲಿ ಉಳಿಯಿತು. ಆರೋಗ್ಯವಂತ ರೊನಾಲ್ಡನ ಕಿಡ್ನಿ ತೆಗೆದವರು ಹಾರ್ಟ್‌ವೆಲ್ ಹ್ಯಾರಿಸನ್ ಎಂಬ ಇನ್ನೊಬ್ಬ ಸರ್ಜನ್. ಅವರ ಹೆಸರು ಎಷ್ಟು ಜನಕ್ಕೆ ಗೊತ್ತು? ಆಪರೇಷನ್ನಿಗೆ ಮುಂಚೆ ರೊನಾಲ್ಡ್ ವೈದ್ಯರಿಗೆ ಒಂದು ಪ್ರಶ್ನೆ ಹಾಕಿದನಂತೆ: ಇನ್ನು ಮುಂದೆ ಜೀವನಪೂರ್ತಿ ನನ್ನ ಆರೋಗ್ಯದ ಹೊಣೆ ಆಸ್ಪತ್ರೆ ಹೊರುತ್ತದೆಯೇ? ಹ್ಯಾರಿಸನ್ ಮೊದಲು ಇಲ್ಲ ಎಂದರು. ಆಮೇಲೆ ಅವನನ್ನೇ ತಿರುಗಿ ಕೇಳಿದರು, ನಿನಗೆ ಕಷ್ಟ ಬಂದ ದಿನ ಇಲ್ಲಿರುವ ಯಾರಾದರೂ ನಿನ್ನನ್ನು ನೋಡದೆ ಕಳಿಸುತ್ತಾರೆ ಅನಿಸುತ್ತದೆಯೇ ಎಂದು. ರಿಚರ್ಡ್ ಇನ್ನೂ ಎಂಟು ವರ್ಷ ಬದುಕಿದ, ಮದುವೆಯಾದ, ಎರಡು ಮಕ್ಕಳ ತಂದೆಯಾದ. ರೊನಾಲ್ಡ್ ಗಣಿತದ ಮೇಷ್ಟ್ರಾದ, ಬೇಸಾಯವನ್ನೂ ಮಾಡಿದ, 79ನೇ ವಯಸ್ಸಿನಲ್ಲಿ 2010ರಲ್ಲಿ ತೀರಿಕೊಂಡ.

ಅಕ್ಕಾರ, ರೊನಾಲ್ಡ್ ಕೇಳಿದ ಆ ಪ್ರಶ್ನೆಯನ್ನು ನೀವೂ ಕೇಳಬೇಕು. ಸಂಕೋಚಪಟ್ಟುಕೊಳ್ಳಬೇಡಿ. ಡಾಕ್ಟರ ಮುಂದೆ ಕುಳಿತಾಗ ನಮ್ಮ ಕಡೆಯ ಹೆಣ್ಣುಮಕ್ಕಳು ಸೆರಗು ಸರಿಮಾಡಿಕೊಂಡು "ನೀವು ಹೆಂಗ ಹೇಳ್ತೀರಿ ಹಂಗರಿ" ಎಂದು ಮುಗಿಸಿಬಿಡುತ್ತಾರೆ. ಈ ಒಂದು ಸಲ ಹಾಗೆ ಮುಗಿಸಬೇಡಿ.

ಹುಡುಕಾಟ ಎಲ್ಲಿಂದ ಶುರುಮಾಡಬೇಕು? ಗುರುತಿನವರ ಬಾಯಿಮಾತಿನಿಂದ ಬೇಡ. ಈಗ ತಮ್ಮನನ್ನು ನೋಡುತ್ತಿರುವ ನೆಫ್ರಾಲಜಿಸ್ಟ್ ಇದ್ದಾರಲ್ಲ, ಅವರನ್ನೇ ಕೇಳಿ. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ನೋಂದಣಿ ಆದ ಆಸ್ಪತ್ರೆಯಲ್ಲಿ ಮಾತ್ರ ಈ ಆಪರೇಷನ್ ಮಾಡಬಹುದು, ಆ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ನೋಂದಣಿ ಚಾಲ್ತಿಯಲ್ಲಿದೆಯೇ ಎಂದು ಕೇಳುವ ಹಕ್ಕು ನಿಮಗಿದೆ. 2011ರ ತಿದ್ದುಪಡಿಯ ನಂತರ ಅಂಥ ಪ್ರತಿ ಆಸ್ಪತ್ರೆಯಲ್ಲಿ ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್ ಎಂಬ ಒಬ್ಬರು ಇರಲೇಬೇಕು. ಒಳಗೆ ಕಾಲಿಟ್ಟ ಕೂಡಲೇ ವಿಚಾರಿಸಬೇಕಾದದ್ದು ಅವರನ್ನೇ. ನಮ್ಮ ಭಾಗಕ್ಕೆ ಬೆಳಗಾವಿಯ ಕೆಎಲ್ಇ ಪ್ರಭಾಕರ ಕೋರೆ ಆಸ್ಪತ್ರೆಯಲ್ಲಿ ಕಿಡ್ನಿ ಕಸಿ ನಡೆಯುತ್ತದೆ, ಹುಬ್ಬಳ್ಳಿಯಿಂದ ಸುಮಾರು ನೂರು ಕಿಲೋಮೀಟರ್. ಸರಕಾರದ ದವಾಖಾನೆಯೇ ಬೇಕೆಂದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ನೆಫ್ರೊ-ಯುರಾಲಜಿ ಸಂಸ್ಥೆ ಇದೆ. ಬಿಪಿಎಲ್ ಕಾರ್ಡಿನವರ ಕಸಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ನೆರವಿದೆ. ಆದರೆ ಆಸ್ಪತ್ರೆ ಆ ಯೋಜನೆಯ ಪಟ್ಟಿಯಲ್ಲಿರಬೇಕು. ಅಲ್ಲಿನ ಆರೋಗ್ಯ ಮಿತ್ರರನ್ನು ಕಂಡು ಖಾತ್ರಿ ಮಾಡಿಕೊಂಡ ಮೇಲೆಯೇ ಫೈಲು ತೆರೆಸಿ.

ಇನ್ನು ಸರ್ಜನ್ ವಿಷಯ. ಕಿಡ್ನಿ ತೆಗೆಯುವವರು ಸಾಮಾನ್ಯವಾಗಿ ಯುರಾಲಜಿಸ್ಟ್. ಅವರನ್ನು ನೀವು ಆಪರೇಷನ್ನಿನ ಹಿಂದಿನ ರಾತ್ರಿ ಮೊದಲ ಸಲ ನೋಡುವಂತಾಗಬಾರದು. ನಿಮಗಾಗಿಯೇ ಬೇರೆ ಹೊತ್ತು ಕೇಳಿಕೊಂಡು ಮುಂಚೆಯೇ ಭೇಟಿಯಾಗಿ. ಬದುಕಿರುವ ದಾನಿಗಳ ಕಿಡ್ನಿಯನ್ನು ನೀವೇ ಸ್ವತಃ ವರ್ಷಕ್ಕೆ ಎಷ್ಟು ತೆಗೆಯುತ್ತೀರಿ ಎಂದು ಕೇಳಿ. ಆಸ್ಪತ್ರೆಯ ಲೆಕ್ಕ ಬೇರೆ, ಅವರ ಕೈಯ ಲೆಕ್ಕ ಬೇರೆ. ದಾನಿಗಳಲ್ಲಿ ಯಾರಿಗಾದರೂ ರಕ್ತಸ್ರಾವವಾಗಿ ಮತ್ತೆ ಹೊಟ್ಟೆ ತೆರೆಯಬೇಕಾಯಿತೇ ಎಂದೂ ಕೇಳಿ. ಒಳ್ಳೆಯ ಸರ್ಜನ್ ಈ ಮಾತಿಗೆ ಸಿಟ್ಟಾಗುವುದಿಲ್ಲ. ಸಿಟ್ಟಾದರೆ ಬೇರೆಯವರನ್ನು ನೋಡಿ.

1995ರವರೆಗೆ ದಾನಿಯ ಪಕ್ಕೆಯನ್ನು ಉದ್ದಕ್ಕೆ ಕೊಯ್ದು, ಕೆಲವೊಮ್ಮೆ ಪಕ್ಕೆಲುಬಿನ ತುಂಡನ್ನೂ ತೆಗೆದು ಕಿಡ್ನಿ ಹೊರತರುತ್ತಿದ್ದರು. ಆ ವರ್ಷ ಬಾಲ್ಟಿಮೋರಿನಲ್ಲಿ ಲಾಯ್ಡ್ ರಾಟ್ನರ್ ಮತ್ತು ಲೂಯಿಸ್ ಕವೂಸಿ ಎಂಬ ವೈದ್ಯರು ಲ್ಯಾಪರೊಸ್ಕೋಪಿಯಿಂದ, ಅಂದರೆ ಸಣ್ಣ ರಂಧ್ರಗಳ ಮೂಲಕ, ಅದನ್ನು ಮಾಡಿ ತೋರಿಸಿದರು. ನೋವು ಕಡಿಮೆಯಾಯಿತು, ಮನೆಗೆ ಬೇಗ ಮರಳುವುದು ಸಾಧ್ಯವಾಯಿತು. ಇಂದು ಅನುಭವಿ ಕೇಂದ್ರಗಳಲ್ಲಿ ಇದೇ ರೂಢಿ. ಆದರೆ ಈ ವಿಧಾನದಲ್ಲಿ ಒಂದು ಕ್ಷಣ ಬಹಳ ಸೂಕ್ಷ್ಮ: ಕಿಡ್ನಿಗೆ ಹೋಗುವ ದೊಡ್ಡ ರಕ್ತನಾಳವನ್ನು ಕತ್ತರಿಸಿ ಮುಚ್ಚುವ ಕ್ಷಣ. ಕಿಡ್ನಿ ಹೋದ ಮೇಲೆ ನಿಮ್ಮೊಳಗೆ ಉಳಿಯುವ ಆ ನಾಳದ ತುದಿ ಭದ್ರವಾಗಿರಬೇಕು. ಅದಕ್ಕೆ ಹಾಕುತ್ತಿದ್ದ ಒಂದು ಬಗೆಯ ಪ್ಲಾಸ್ಟಿಕ್ ಕ್ಲಿಪ್ ಜಾರಿ ದಾನಿಗಳು ಸತ್ತದ್ದರಿಂದ, ದಾನಿಗಳಿಗೆ ಅದನ್ನು ಬಳಸಬೇಡಿ ಎಂದು 2006ರಲ್ಲಿ ತಯಾರಕರೇ ಹೇಳಿದರು. 2011ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮತ್ತೆ ಎಚ್ಚರಿಸಿತು. "ಡಾಕ್ಟರ, ಆ ದೊಡ್ಡ ರಕ್ತನಾಳ ಏನು ಹಾಕಿ ಮುಚ್ತೀರಿ, ಸ್ಟೇಪ್ಲರೋ ಕ್ಲಿಪ್ಪೋ?" ಎಂದು ನೀವು ಒಂದು ಮಾತು ಕೇಳಿದರೆ, ಈ ಹೆಣ್ಣುಮಗಳು ತಿಳಿದುಕೊಂಡು ಬಂದಿದ್ದಾಳೆ ಎಂದು ಅವರಿಗೂ ಗೊತ್ತಾಗುತ್ತದೆ.

ಅಪಾಯ ಎಷ್ಟು ಎಂದು ಕೇಳಿದ್ದಿರಿ. ಮುಚ್ಚಿಡುವುದಿಲ್ಲ. ಅಮೆರಿಕದಲ್ಲಿ 1994ರಿಂದ 2009ರವರೆಗೆ ಕಿಡ್ನಿ ಕೊಟ್ಟ 80,000ಕ್ಕೂ ಹೆಚ್ಚು ಜನರ ಲೆಕ್ಕ ತೆಗೆದಾಗ, ಆಪರೇಷನ್ ಆಗಿ ಮೂರು ತಿಂಗಳೊಳಗೆ ತೀರಿಕೊಂಡವರು ಹತ್ತು ಸಾವಿರಕ್ಕೆ ಸುಮಾರು ಮೂವರು. ಇನ್ನು ಮುಂದೆಂದಾದರೂ ಉಳಿದ ಕಿಡ್ನಿಯೂ ಕೈಕೊಡುವ ಸಂಭವ: ದಾನಿಗಳಲ್ಲಿ ಜೀವಮಾನಕ್ಕೆ ಹತ್ತು ಸಾವಿರಕ್ಕೆ ಸುಮಾರು 90, ಅಷ್ಟೇ ಆರೋಗ್ಯವಿದ್ದು ಕಿಡ್ನಿ ಕೊಡದವರಲ್ಲಿ 14 ಎಂದು 2014ರಲ್ಲಿ ಅಲ್ಲಿಯದೇ ಒಂದು ಅಧ್ಯಯನ ಅಂದಾಜು ಮಾಡಿತು. ಅಪಾಯ ಸಣ್ಣದು, ಆದರೆ ಇದೆ. "ಏನೂ ಆಗಂಗಿಲ್ಲ" ಎಂದು ಹೇಳುವವರ ಮಾತು ನಂಬಬೇಡಿ, ಅದು ಡಾಕ್ಟರದಾದರೂ ಸರಿ.

ಪರೀಕ್ಷೆಗಳು ಬಹಳ ಇರುತ್ತವೆ, ಬೇಸರಪಡಬೇಡಿ, ಅವೆಲ್ಲ ನಿಮ್ಮ ಕಾವಲಿಗೇ ಇರುವಂಥವು. ರಕ್ತದ ಗುಂಪು, ಅಂಗಾಂಶದ ಹೊಂದಾಣಿಕೆ (ಒಡಹುಟ್ಟಿದವರಲ್ಲಿ ನಾಲ್ಕರಲ್ಲಿ ಒಂದು ಸಲ ಅದು ಪೂರ್ತಿ ಹೊಂದುತ್ತದೆ), ಬಿಪಿ, ಸಕ್ಕರೆ, ಮೂತ್ರದಲ್ಲಿ ಪ್ರೋಟೀನ್, ಹೃದಯ, ಎರಡೂ ಕಿಡ್ನಿ ಬೇರೆಬೇರೆಯಾಗಿ ಎಷ್ಟು ಕೆಲಸ ಮಾಡುತ್ತವೆ ಎಂಬ ಸ್ಕ್ಯಾನ್, ರಕ್ತನಾಳಗಳ ಸಿಟಿ. ಸುಮಾರು ನಾಲ್ಕು ಜನರಲ್ಲಿ ಒಬ್ಬರಿಗೆ ಕಿಡ್ನಿಗೆ ಹೋಗುವ ರಕ್ತನಾಳ ಒಂದಕ್ಕಿಂತ ಹೆಚ್ಚು ಇರುತ್ತದೆ, ಅದನ್ನು ಮೊದಲೇ ನೋಡಿಕೊಳ್ಳಬೇಕು. ಬಹಳ ಸಲ ಎಡದ ಕಿಡ್ನಿ ತೆಗೆಯುತ್ತಾರೆ, ಅದರ ರಕ್ತನಾಳ ಉದ್ದ, ಕೂಡಿಸಲು ಸುಲಭ. ಆದರೆ ಎರಡರಲ್ಲಿ ಒಂದು ತುಸು ದುರ್ಬಲ ಎಂದು ಕಂಡರೆ ಆ ದುರ್ಬಲವಾದದ್ದನ್ನು ತೆಗೆದು ಗಟ್ಟಿಯಾದದ್ದನ್ನು ದಾನಿಗೇ ಬಿಡಬೇಕು. ಇದು ಕಸಿ ವೈದ್ಯರೆಲ್ಲ ಒಪ್ಪಿಕೊಂಡ ಧರ್ಮ. ನಿಮ್ಮ ಸರ್ಜನ್ ಇದನ್ನು ತಾನಾಗಿಯೇ ಹೇಳಿದರೆ ನನಗೆ ಅವರ ಮೇಲೆ ಅರ್ಧ ನಂಬಿಕೆ ಬಂದಂತೆಯೇ.

ಕಾಗದಪತ್ರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕಾಯ್ದೆಯ ಕಣ್ಣಿನಲ್ಲಿ ಅಕ್ಕತಮ್ಮ ಹತ್ತಿರದ ಸಂಬಂಧಿಕರು. ಆಧಾರ್, ರೇಷನ್ ಕಾರ್ಡು, ನಾಡಕಚೇರಿಯಿಂದ ವಂಶಾವಳಿ ಕೈಯಲ್ಲಿರಲಿ. ನಿಮ್ಮ ಯಜಮಾನರನ್ನೂ ಸಾಮಾನ್ಯವಾಗಿ ಕರೆದು ಮಾತಾಡಿಸುತ್ತಾರೆ. ನಿಮ್ಮದು ಹೊಂದದಿದ್ದರೆ ಇಂಥದೇ ಇನ್ನೊಂದು ಕುಟುಂಬದ ಜೊತೆ ಅದಲುಬದಲಾಗಿ ಕೊಟ್ಟು ಪಡೆಯಲು 2011ರ ತಿದ್ದುಪಡಿ ದಾರಿ ಮಾಡಿದೆ. ಮೃತರ ಅಂಗಾಂಗಕ್ಕಾಗಿ ರಾಜ್ಯದ ಜೀವಸಾರ್ಥಕತೆ ಪಟ್ಟಿಯಲ್ಲಿ ತಮ್ಮನ ಹೆಸರನ್ನು ಹೇಗಾದರೂ ಬರೆಸಿಡಿ, ನೀವು ಕೊಡುವವರಿದ್ದರೂ ಸರಿ. ಬಾಗಿಲಲ್ಲಿ ನಿಂತು "ದುಡ್ಡು ಕೊಟ್ರ ಬ್ಯಾರೆ ಕಿಡ್ನಿ ಕೊಡಸ್ತೇನಿ" ಎನ್ನುವವರ ಹತ್ತಿರ ಮಾತೂ ಬೇಡ. ಕಿಡ್ನಿ ಕೊಳ್ಳುವುದಕ್ಕೂ ಮಾರುವುದಕ್ಕೂ ಐದರಿಂದ ಹತ್ತು ವರ್ಷ ಜೈಲು, 20 ಲಕ್ಷದಿಂದ ಒಂದು ಕೋಟಿ ರೂಪಾಯಿ ದಂಡ ಇದೆ.

ಈಗ ನನ್ನ ಮನಸ್ಸಿನಲ್ಲಿ ಕೊರೆಯುತ್ತಿರುವ ಮಾತಿಗೆ ಬರುತ್ತೇನೆ. ನಮ್ಮ ದೇಶದಲ್ಲಿ ಬದುಕಿರುವಾಗಲೇ ಅಂಗ ಕೊಡುವವರಲ್ಲಿ ಬಹುಪಾಲು ಹೆಣ್ಣುಮಕ್ಕಳು, ಪಡೆಯುವವರಲ್ಲಿ ಬಹುಪಾಲು ಗಂಡಸರು. ತಾಯಿ, ಹೆಂಡತಿ, ಅಕ್ಕ, ತಂಗಿ. ಗಂಡಸರು ದುಡಿಯುವವರು, ಅವರಿಗೆ ಆಪರೇಷನ್ ಹೇಗೆ ಎನ್ನುತ್ತಾರೆ. ಎರೆಹೊಲದಲ್ಲಿ ಕಳೆ ತೆಗೆಯುವವರು, ಮೆಣಸಿನಕಾಯಿ ಬಿಡಿಸುವವರು, ಮೇವಿನ ಹೊರೆ ಹೊರುವವರು ಯಾರು? ಅದು ದುಡಿಮೆಯಲ್ಲವೇ? ಪತ್ರದಲ್ಲಿ ನಿಮಗೆ ಇನ್ನೂ ಇಬ್ಬರು ಅಣ್ಣತಮ್ಮಂದಿರಿದ್ದಾರೆ ಎಂದು ಬರೆದಿದ್ದೀರಿ. ಅವರ ರಕ್ತ ಪರೀಕ್ಷೆ ಆಗಿದೆಯೇ ಎಂದು ಬರೆದಿಲ್ಲ.

ಹೆಣ್ಣುಮಕ್ಕಳ ಮೇಲೆ ಬೀಳುವ ಈ ಒತ್ತಡವನ್ನು ಕಾನೂನು ಬಲ್ಲದು. ದಾನಿ ಹೆಣ್ಣುಮಗಳಾಗಿದ್ದರೆ ಹೆಚ್ಚಿನ ಎಚ್ಚರ ವಹಿಸಬೇಕು, ಆಕೆಯ ಗುರುತನ್ನೂ ಸ್ವತಂತ್ರ ಒಪ್ಪಿಗೆಯನ್ನೂ ಕಿಡ್ನಿ ಪಡೆಯುವವನನ್ನು ಬಿಟ್ಟು ಬೇರೆಯವರಿಂದ ದೃಢಪಡಿಸಿಕೊಳ್ಳಬೇಕು ಎಂದು 2014ರ ಅಂಗಾಂಗ ಕಸಿ ನಿಯಮಗಳಲ್ಲೇ ಇದೆ. ಹಾಗಾಗಿ ನಿಮ್ಮನ್ನು ಒಬ್ಬರನ್ನೇ ಕೂಡಿಸಿಕೊಂಡು ಮಾತಾಡಿಸುವಂತೆ ಕೋಆರ್ಡಿನೇಟರನ್ನು ಕೇಳಿ. ಆ ಹೊತ್ತಿನಲ್ಲಿ ಮನಸ್ಸು ಹಿಂದೇಟು ಹಾಕಿದರೆ ಒಲ್ಲೆ ಎಂದುಬಿಡಿ. ಆಪರೇಷನ್ ಕೊಠಡಿಗೆ ಹೋಗುವವರೆಗೂ ಒಲ್ಲೆ ಎನ್ನಬಹುದು. ಮನೆಯವರಿಗೆ "ಇವರದು ಆಗುವುದಿಲ್ಲ" ಎಂದಷ್ಟೇ ಹೇಳಿ, ಕಾರಣವನ್ನು ತಮ್ಮಲ್ಲೇ ಇಟ್ಟುಕೊಳ್ಳುವ ಸೂಕ್ಷ್ಮ ಬಲ್ಲ ವೈದ್ಯರಿದ್ದಾರೆ. ನೀವು ಪ್ರೀತಿಯಿಂದ ಕೊಡುತ್ತಿದ್ದೀರಿ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅದು ನಿಮ್ಮದೇ ನಿರ್ಧಾರವಾಗಿರಲಿ ಎಂಬುದಷ್ಟೇ ನನ್ನ ಕಾಳಜಿ.

ಕೊಟ್ಟ ಮೇಲೆ ಆರು ವಾರ ಭಾರ ಎತ್ತುವಂತಿಲ್ಲ. ತುಂಬಿದ ಕೊಡವೂ ಇಲ್ಲ, ಮೇವಿನ ಹೊರೆಯೂ ಇಲ್ಲ. ಕಡಲೆ ಕೀಳುವ ಸುಗ್ಗಿಯಲ್ಲಿ ದಿನ ಗೊತ್ತುಮಾಡಬೇಡಿ, ಮನೆಯಲ್ಲಿ ಕೆಲಸ ಹಂಚಿಕೊಳ್ಳುವವರು ಯಾರೆಂದು ಮೊದಲೇ ತೀರ್ಮಾನವಾಗಲಿ. ಮೈಕೈ ನೋವಿಗೆ ಔಷಧಿ ಅಂಗಡಿಯಲ್ಲಿ ಕೇಳಿ ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಗುಳಿಗೆಗಳನ್ನು ಇನ್ನು ಮುಂದೆ ಮರೆತುಬಿಡಿ, ಒಂದೇ ಕಿಡ್ನಿ ಇರುವವರಿಗೆ ಅವು ಹಗೆ. ಬಿಸಿಲಲ್ಲಿ ಹೊಲಕ್ಕೆ ಹೋದರೆ ನೀರು ಕುಡಿಯುತ್ತಿರಿ. ವರ್ಷಕ್ಕೊಮ್ಮೆ ಬಿಪಿ, ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್ ನೋಡಿಸಬೇಕು, ಬದುಕಿರುವವರೆಗೂ. ಇದಕ್ಕೆ ಬೆಳಗಾವಿ, ಬೆಂಗಳೂರು ಬೇಕಿಲ್ಲ, ನಿಮಗೆ ಹತ್ತಿರದ ಸರಕಾರಿ ದವಾಖಾನೆ ಸಾಕು. ಮನೆಗೆ ಕಳಿಸುವಾಗ ಏನು ನೋಡಬೇಕು, ಯಾವ ಗುಳಿಗೆ ಕೊಡಬಾರದು ಎಂದು ಆ ದವಾಖಾನೆಯ ಡಾಕ್ಟರಿಗೆ ಒಂದು ಚೀಟಿ ಬರೆದುಕೊಡುವಂತೆ ಸರ್ಜನ್ನರನ್ನು ಕೇಳಿ ಪಡೆಯಿರಿ. ತಮ್ಮನ ಫೈಲು ದಪ್ಪಗಿರುತ್ತದೆ, ಎಲ್ಲರೂ ಜೋಪಾನ ಮಾಡುತ್ತಾರೆ. ನಿಮ್ಮ ಹೆಸರಿನಲ್ಲೂ ಬೇರೆ ಒಂದು ಫೈಲು ಇರಲಿ.

ಅಕ್ಕಾರ, ಮೊದಲ ಭೇಟಿಗೆ ತಮ್ಮನ ಜೊತೆ ಹೋಗಬೇಡಿ. ಓದಿದ ಮಗಳನ್ನು ಕರೆದುಕೊಂಡು ನೀವೇ ಹೋಗಿ. ಕೇಳಬೇಕಾದ ಪ್ರಶ್ನೆಗಳನ್ನು ಅವಳ ಕೈಯಲ್ಲಿ ಬರೆಸಿ, ಉತ್ತರವನ್ನೂ ಅವಳೇ ಅಲ್ಲೇ ಬರೆದುಕೊಳ್ಳಲಿ. ಡಾಕ್ಟರು ಏನೆಂದರು ಎಂದು ನನಗೂ ಬರೆಯಿರಿ, ಕೂಡಿ ಓದೋಣ. ಅದಕ್ಕೂ ಮೊದಲು ಆ ಇಬ್ಬರು ಅಣ್ಣತಮ್ಮಂದಿರನ್ನು ಮನೆಗೆ ಕರೆಸಿ, ಅವರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಲಿ.

ನಿಮ್ಮ ವಿಶ್ವಾಸಿ