ಘಟ್ಟ ಇಳಿದರೆ ಹಾಡು ಬೇರೆ

ಬ್ಯಾಂಕಿನ ನೌಕರಿಯಲ್ಲಿರುವವರಿಗೆ ವರ್ಗಾವಣೆ ಎಂದರೆ ಹೊಸ ನೀರು, ಹೊಸ ಅಕ್ಕಿ, ಮಕ್ಕಳಿಗೆ ಹೊಸ ಶಾಲೆ. ಜೊತೆಗೆ ಹೊಸ ಹಾಡು ಕೂಡ ಎಂಬುದನ್ನು ಯಾವ ಆದೇಶದಲ್ಲಿಯೂ ಬರೆದಿರುವುದಿಲ್ಲ. ಧಾರವಾಡದ ಗುಮಾಸ್ತರೊಬ್ಬರು 1986ರಲ್ಲಿ ಕುಂದಾಪುರಕ್ಕೆ ಹೊರಟಾಗ ಟ್ರಂಕಿನ ತಳದಲ್ಲಿ, ಹೆಂಡತಿಯ ಸೀರೆಗಳ ನಡುವೆ, ಕ್ಯಾಸೆಟ್ಟುಗಳನ್ನು ಜೋಪಾನವಾಗಿ ಸುತ್ತಿಟ್ಟಿದ್ದರು. ಭೀಮಸೇನ ಜೋಶಿಯವರ ದಾಸರಪದ ಮತ್ತು ಮರಾಠಿ ಅಭಂಗ, ಮಲ್ಲಿಕಾರ್ಜುನ ಮನಸೂರರ ವಚನ, ಗಂಗೂಬಾಯಿ ಹಾನಗಲ್ಲರ ಒಂದೆರಡು ರಾಗ, ಹೆಂಡತಿಗೆಂದು ನಾಟ್ಯಸಂಗೀತ. ಇಷ್ಟಿದ್ದರೆ ಎಲ್ಲಿಗೆ ಹೋದರೂ ಧಾರವಾಡ ಜೊತೆಗೇ ಬಂದ ಹಾಗೆ ಎಂಬುದು ಅವರ ಲೆಕ್ಕ. ಲಾರಿ ಅರಬೈಲು ಘಟ್ಟ ಇಳಿಯುವಾಗ ಆ ಟ್ರಂಕಿನ ಮೇಲೆ ಅವರೇ ಕೂತಿದ್ದರು.

ಧಾರವಾಡದವರ ಕಿವಿ ಹೀಗಾದದ್ದು ಸುಮ್ಮನೆ ಅಲ್ಲ. ಆ ಸೀಮೆ ಮುಂಬಯಿ ಪ್ರಾಂತ್ಯದಲ್ಲಿದ್ದಾಗ ಮರಾಠಿ ನಾಟಕ ಕಂಪನಿಗಳು ಹುಬ್ಬಳ್ಳಿ-ಧಾರವಾಡಗಳಲ್ಲಿ ಬಂದು ಮೊಕ್ಕಾಂ ಮಾಡುತ್ತಿದ್ದವು. ಮಿರಜದಲ್ಲಿ ನೆಲೆಸಿದ ಅಬ್ದುಲ್ ಕರೀಂ ಖಾನರಿಗೆ ಕುಂದಗೋಳದ ಸವಾಯಿ ಗಂಧರ್ವರು ಶಿಷ್ಯರಾದರು. ಸವಾಯಿ ಗಂಧರ್ವರಿಗೆ ಗಂಗೂಬಾಯಿ, ಭೀಮಸೇನರು. 1950ರಲ್ಲಿ ಧಾರವಾಡಕ್ಕೆ ಆಕಾಶವಾಣಿ ಬಂದ ಮೇಲೆ ಪೇಟೆಯ ಅಂಗಡಿಯಲ್ಲಿ ಉದ್ರಿ ಬರೆಯುತ್ತ ಕೂತವರ ಕಿವಿಗೂ ಖ್ಯಾಲು ಬೀಳತೊಡಗಿತು. ಅತ್ತ ಮೈಸೂರಿನಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿಯವರು 1935ರಲ್ಲೇ ತಮ್ಮ ಮನೆಯಲ್ಲಿ ಬಾನುಲಿ ಆರಂಭಿಸಿದ್ದರು. ಅಲ್ಲಿಯ ಕಿವಿಗೆ ವೀಣೆ, ಕೀರ್ತನೆ, ಮುಂದೆ ಭಾವಗೀತೆ. 1956ರ ನವೆಂಬರ್ ಒಂದರಂದು ನಕಾಶೆಗಳನ್ನು ಒಂದಾಗಿಸಿದರು. ಕಿವಿಗಳನ್ನು ಹಾಗೆ ಒಂದು ದಿನದಲ್ಲಿ ಹೊಲಿಯಲು ಬರುವುದಿಲ್ಲ. ಹಾಡಿಗೆ ಒಂದೇ ಹೆಸರು ಕೂಡ ಇಲ್ಲ ನೋಡಿ: ಧಾರವಾಡದ ಹಳ್ಳಿಯಲ್ಲಿ ಅದು ‘ಪದ’, ಯಕ್ಷಗಾನದ ಸೀಮೆಯಲ್ಲಿ ‘ಪದ್ಯ’, ಮೈಸೂರಿನ ವೇದಿಕೆಯಲ್ಲಿ ‘ಗೀತೆ’.

ಕುಂದಾಪುರದ ಬಾಡಿಗೆ ಮನೆಯಲ್ಲಿ ಮೊದಲ ರಾತ್ರಿಯೇ ಗೋಡೆಯಾಚೆಯಿಂದ ಚೆಂಡೆ ಕೇಳಿಸಿತು. ಮಾಲೀಕರು ಕಾಳಿಂಗ ನಾವಡರ ಭಾಗವತಿಕೆಯ ಕ್ಯಾಸೆಟ್ಟು ಹಾಕಿದ್ದರು. ಹೆಂಡತಿ ಎದ್ದು ಕೂತು, “ಏನ್ರೀ ಇದು, ಹಾಡ್ಲಿಕ್ಕತ್ತಾರೋ ಜಗಳಾ ಆಡ್ಲಿಕ್ಕತ್ತಾರೋ?” ಎಂದರು. ಬೆಳಿಗ್ಗೆ ಮೆಲ್ಲಗೆ ವಿಚಾರಿಸಿದಾಗ ಮಾಲೀಕರು ನಕ್ಕು, “ಒಂದು ರಾತ್ರಿ ಪೂರ್ತಿ ಆಟ ನೋಡಿ ಬನ್ನಿ ಅಮ್ಮ, ಆಮೇಲೆ ಹೇಳಿ ಕಾಂಬ” ಎಂದರು. ಹೋದರು. ಗುಮಾಸ್ತರಿಗೆ ಎರಡನೆಯ ಜಾವಕ್ಕೇ ನಿದ್ದೆ. ಎಂಟು ವರ್ಷದ ಮಗಳು ಮಾತ್ರ ಬೆಳಗಿನವರೆಗೆ ಕಣ್ಣು ಮುಚ್ಚಲಿಲ್ಲ. ಮುಂದೆ ಆಕೆ ಊಟದ ತಟ್ಟೆಯ ಮೇಲೂ ಚೆಂಡೆಯ ಪೆಟ್ಟು ಹಾಕತೊಡಗಿದಳು. 1990ರಲ್ಲಿ ನಾವಡರು ಎಳೆಯ ವಯಸ್ಸಿನಲ್ಲೇ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಕುಂದಾಪುರದ ಪೇಟೆಯ ಜೊತೆಗೆ ಧಾರವಾಡದ ಆ ಹುಡುಗಿಯೂ ಮಂಕಾದಳು.

ಅದೇ ವರ್ಷ ‘ಸಂತ ಶಿಶುನಾಳ ಷರೀಫ’ ಚಿತ್ರ ಬಂತು. ನಮ್ಮ ಕಡೆಯ ಷರೀಫಜ್ಜ ಎಂದು ಗುಮಾಸ್ತರು ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋದರು. ಬಂದ ಮೇಲೆ ಅರ್ಧ ಸಂತೋಷ, ಅರ್ಧ ಸಿಟ್ಟು. ಅವರ ಊರಿನಲ್ಲಿ ಷರೀಫರ ತತ್ವಪದಕ್ಕೆ ಏಕತಾರಿ, ತಾಳ ಇದ್ದರೆ ಸಾಕು, ಸಿ. ಅಶ್ವತ್ಥ್ ಅದಕ್ಕೆ ವಾದ್ಯಗಳ ಮೇಳವನ್ನೇ ಕೂಡಿಸಿದ್ದರು. “ಧೋತರದ ಅಜ್ಜಗ ಕೋಟು ಹಾಕಿಸ್ಯಾರ” ಎಂಬುದು ಅವರ ತಕರಾರು. ತಕರಾರಿನಲ್ಲಿ ನಿಜವೂ ಇದ್ದೀತು. ಆದರೆ ಮರುವಾರ ಗೋಡೆಯಾಚೆಯ ಮಾಲೀಕರು ಗದ್ದೆಗೆ ಹೋಗುತ್ತ ಅದೇ ಷರೀಫರ ಪದ ಗುನುಗುತ್ತಿದ್ದರು. ಶಿಶುನಾಳದ ಪದ ಆ ಮನೆಯ ಜಗಲಿಗೆ ಬರಬೇಕಾದರೆ ಬೆಂಗಳೂರಿನ ಅಶ್ವತ್ಥರ ದನಿಯನ್ನೇ ಹಿಡಿದು ಬರಬೇಕಾಯಿತು.

1991ರಲ್ಲಿ ಕೆ.ಜಿ.ಎಫ್. ಚಿನ್ನದ ಗಣಿಗೆ ಬ್ರಿಟಿಷರ ಕಾಲದಲ್ಲಿ ಆರ್ಕಾಟ್ ಕಡೆಯಿಂದ ಬಂದ ಕೂಲಿಗಳ ಮಕ್ಕಳು, ಮೊಮ್ಮಕ್ಕಳ ಊರು ಅದು. ಚಹದಂಗಡಿಯಲ್ಲಿ, ಸೈಕಲ್ ಶಾಪಿನಲ್ಲಿ, ಸಾವಿನ ಮನೆಯಲ್ಲಿಯೂ ಇಳಯರಾಜಾ. ಊರಾಚೆ ಹಳ್ಳಿಯ ಗುಡಿಗೆ ಹೋದರೆ ಘಂಟಸಾಲರ ತೆಲುಗು. ಗುಮಾಸ್ತರು ಭೀಮಸೇನರ ಕಂಠದಲ್ಲಿ ಪುರಂದರದಾಸರ ಲಕ್ಷ್ಮಿಯ ಪದ ಹಾಕಿದಾಗ ಪಕ್ಕದ ಮನೆಯವರು ಬಾಗಿಲಲ್ಲಿ ನಿಂತು ಬಹಳ ಮರ್ಯಾದೆಯಿಂದ, “ಸಾರ್, ಇದು ಹಿಂದಿಯಾ?” ಎಂದು ಕೇಳಿದರಂತೆ. ಅವರ ತಪ್ಪೇನೂ ಇಲ್ಲ. ಅದೇ ಪದವನ್ನು ಅವರು ಹುಟ್ಟಿದಾಗಿನಿಂದ ಮಧ್ಯಮಾವತಿಯಲ್ಲಿ ಕೇಳಿದವರು. ರಾಗ ಬೇರೆಯಾದಾಗ ಭಾಷೆಯೇ ಬೇರೆಯಾಗಿ ಕೇಳಿಸಿತು. ಹತ್ತು ವರ್ಷದ ಮಗ ಅಲ್ಲಿ ತಮಿಳು ಅಕ್ಷರ ಕಲಿಯುವ ಮೊದಲೇ ‘ದಳಪತಿ’ಯ ಹಾಡುಗಳನ್ನೆಲ್ಲ ಬಾಯಿಪಾಠ ಮಾಡಿದ್ದ.

ಕೊನೆಗೆ ಆಗಿನ ಗುಲ್ಬರ್ಗ. ನಿಜಾಮರ ಆಳ್ವಿಕೆಯಲ್ಲಿದ್ದ ನೆಲ. ಉರುಸಿನ ಕವ್ವಾಲಿ, ಹಿಂದಿ ಹಾಡು. 1952ರಲ್ಲಿ ಆಕಾಶವಾಣಿ ಸಿನಿಮಾ ಹಾಡುಗಳನ್ನು ದೂರವಿಟ್ಟಾಗ ದೇಶವೆಲ್ಲ ರೇಡಿಯೊ ಸಿಲೋನಿನ ಕಡೆ ತಿರುಗಿತ್ತಲ್ಲ, ಅಮೀನ್ ಸಯಾನಿಯ ಆ ಬುಧವಾರಗಳನ್ನು ನೆನೆಯುವವರು ಬ್ಯಾಂಕಿನಲ್ಲೇ ಮೂವರಿದ್ದರು. ಮಕ್ಕಳು ಹಾಸ್ಟೆಲಿನಲ್ಲಿದ್ದುದರಿಂದ ಈ ಊರಿನ ಹಾಡು ಮನೆಯಲ್ಲಿ ಯಾರಿಗೂ ಹತ್ತಲಿಲ್ಲ.

ನಿವೃತ್ತಿಯ ಮನೆ ಬೆಂಗಳೂರಿನಲ್ಲಾಯಿತು. ಇಲ್ಲಿ ಗುಮಾಸ್ತರ ಲೆಕ್ಕ ತಪ್ಪಿತು. ಟ್ರಂಕು ಊರೂರು ತಿರುಗಿ ಬಂದಿತ್ತು, ಧಾರವಾಡ ಮಾತ್ರ ಮಕ್ಕಳಿಗೆ ದಾಟಿರಲಿಲ್ಲ. 2011ರ ಜನವರಿಯಲ್ಲಿ ಭೀಮಸೇನರು ತೀರಿಕೊಂಡ ದಿನ ಅವರು ಊಟ ಮಾಡದೆ ಕೂತಿದ್ದರೆ, ಆಫೀಸಿನಿಂದ ಬಂದ ಮಗ “ಅಪ್ಪಾ, ಹುಷಾರಿಲ್ಲವಾ?” ಎಂದು ಹಣೆ ಮುಟ್ಟಿ ನೋಡಿದ. ಮಗನ ಮೇಲೆ ಸಿಟ್ಟಾಗಲು ಕಾರಣವಿರಲಿಲ್ಲ. ಹುಡುಗನ ಕಿವಿ ಗಟ್ಟಿಯಾಗುವ ವಯಸ್ಸಿನಲ್ಲಿ ಗೋಡೆಯಾಚೆ ಹಾಡುತ್ತಿದ್ದವರು ಬೇರೆ. ಆಗ ಗೋಡೆಯಾಚೆಯದನ್ನು ಕೇಳದೆ ಇರುವ ಉಪಾಯವಾದರೂ ಏನಿತ್ತು? ಈಗ ಮೊಮ್ಮಗಳು ಕಿವಿಗೆ ಬಿರಡೆ ಸಿಕ್ಕಿಸಿಕೊಂಡು ಕೂರುತ್ತಾಳೆ. ಆಕೆ ಕೇಳುವುದು ಯಾವ ಭಾಷೆಯದೆಂದು ಪಕ್ಕದಲ್ಲಿ ಕೂತವರಿಗೂ ಗೊತ್ತಾಗುವುದಿಲ್ಲ. ಗೋಡೆಗೆ ಈಗ ಕೆಲಸವೇ ಇಲ್ಲ.

2020ರ ಸೆಪ್ಟೆಂಬರ್ 25ರಂದು ಎಸ್.ಪಿ. ಬಾಲಸುಬ್ರಹ್ಮಣ್ಯಂ ಹೋದರು. ಕೊರೊನಾದಿಂದಾಗಿ ಎಲ್ಲರೂ ಮನೆಯಲ್ಲೇ ಇದ್ದರು. ಮಗ ಕೋಣೆಯಲ್ಲಿ ಇಳಯರಾಜಾರ ತಮಿಳು ಹಾಡುಗಳನ್ನು ಒಂದರ ಮೇಲೊಂದು ಹಾಕಿದ. ಕುಂದಾಪುರಕ್ಕೇ ಸೊಸೆಯಾಗಿ ಹೋದ ಮಗಳು ಫೋನಿನಲ್ಲಿ ‘ಪ್ರೇಮಲೋಕ’ದ ಕ್ಯಾಸೆಟ್ಟು ಸವೆದುಹೋದದ್ದನ್ನು ಹೇಳಿ ಅತ್ತಳು. ಗುಮಾಸ್ತರು ಹುಡುಕಿ ಹಾಕಿಸಿಕೊಂಡದ್ದು ಗದಗಿನ ಪಂಚಾಕ್ಷರ ಗವಾಯಿಗಳ ಚಿತ್ರದ ಹಾಡು. ನೆಲ್ಲೂರು ಕಡೆಯ ಆ ತೆಲುಗು ಗಾಯಕರಿಗೆ ಕನ್ನಡದಲ್ಲಿ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಹಿಂದೂಸ್ತಾನಿ ಚೀಜು ಅದು. ಒಂದೇ ದನಿ ಮೂರು ಕಡೆಯಿಂದ ಒಟ್ಟಿಗೆ ಕೇಳಿಸಿ ಯಾವ ಹಾಡೂ ನೆಟ್ಟಗೆ ತಿಳಿಯದಾಯಿತು.

“ಮೂರೂ ಮಂದಿ ಹಿಂಗ ಕೂತ್ರ ಒಲಿ ಯಾರು ಹಚ್ಚಬೇಕು?” ಎನ್ನುತ್ತ ಅವರ ಹೆಂಡತಿ ಒಳಗೆ ಹೋದರು. ಆದರೆ ಯಾವುದನ್ನೂ ಬಂದ್ ಮಾಡಿರೆಂದು ಹೇಳಲಿಲ್ಲ.