ಹಣ್ಣಿನ ಪೆಟ್ಟಿಗೆ, ಹಾಡಿನ ಪೆಟ್ಟಿಗೆ

ನಾವು ಇಂಗ್ಲಿಷ್ ಕಲಿತದ್ದು ಬೇರೆಯವರ ನಗುವಿನ ಬೆನ್ನು ಹತ್ತಿ. ಹಾಸ್ಟೆಲಿನ ಕೋಣೆಯಲ್ಲಿ ಮೂವರಿಗೆ ಒಂದೇ ಲ್ಯಾಪ್‌ಟಾಪು, ಅದೂ ಓದು ಮುಗಿಸಿ ಹೋದ ಗೆಳೆಯನೊಬ್ಬ ಬಿಟ್ಟುಹೋದದ್ದು. ಅದರ ಹೊಟ್ಟೆಯಲ್ಲಿ 'ಎವೆರಿಬಡಿ ಲವ್ಸ್ ರೇಮಂಡ್' ಎಂಬ ಅಮೆರಿಕದ ಧಾರಾವಾಹಿ ಇತ್ತು. ಮಾತು ತಿಳಿಯದಿದ್ದರೂ ಅಲ್ಲಿ ಕೂತ ಪ್ರೇಕ್ಷಕರು ನಗುತ್ತಾರೆ. ಅವರು ನಕ್ಕ ಕಡೆ ನಿಲ್ಲಿಸಿ, ಹಿಂದಕ್ಕೆ ಹೋಗಿ, ಕೆಳಗಿನ ಅಕ್ಷರ ಓದಿ, ಓಹೋ ಇಲ್ಲಿ ನಗಬೇಕಿತ್ತು ಅಂತ ನಾವೂ ನಗುತ್ತಿದ್ದೆವು. ಸಂದರ್ಶನಕ್ಕೆ ಹೋದಾಗ ನಾಲ್ಕು ಮಾತು ಆಡಬೇಕಲ್ಲ, ಅದಕ್ಕಾಗಿ. ಯಾರನ್ನು ನೋಡಿ ನಗುತ್ತಿದ್ದೇವೆ ಅಂತ ಆಗ ಕೇಳಿಕೊಳ್ಳಲಿಲ್ಲ.

1996ರಿಂದ 2005ರವರೆಗೆ 210 ಕಂತು ನಡೆದ ಕತೆ ಅದು. ರೇಮಂಡ್ ಬರೋನ್ ಪತ್ರಿಕೆಗೆ ಆಟೋಟದ ಅಂಕಣ ಬರೆಯುವವ. ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡಿನಲ್ಲಿ ಲಿನ್‌ಬ್ರೂಕ್ ಎಂಬ ಊರು. ಹೆಂಡತಿ ಡೆಬ್ರಾ, ಮೂರು ಮಕ್ಕಳು. ಎದುರು ಮನೆಯಲ್ಲೇ ಅಪ್ಪ ಫ್ರ್ಯಾಂಕ್, ಅವ್ವ ಮರೀ. ಅಣ್ಣ ರಾಬರ್ಟ್ ಪೊಲೀಸು. ಪಾಪ, ತುತ್ತನ್ನು ಗದ್ದಕ್ಕೆ ಒಮ್ಮೆ ಮುಟ್ಟಿಸಿಕೊಳ್ಳದೆ ಬಾಯಿಗಿಡುವುದಿಲ್ಲ. ಮರೀ ಸೊಸೆಯ ಬಾಗಿಲು ಬಡಿಯುವ ಹೆಂಗಸಲ್ಲ, ತಳ್ಳಿಕೊಂಡೇ ಬರುತ್ತಾಳೆ. ಬಂದವಳು ಮೊದಲು ಒಲೆ ಮೇಲಿನ ಪಾತ್ರೆ ನೋಡುತ್ತಾಳೆ. ಸೊಸೆಯ ಕೈರುಚಿ ತನ್ನದಕ್ಕಿಂತ ಮೇಲಾದೀತೆಂದು ಒಮ್ಮೆ ಮಸಾಲೆ ಶೀಶೆಯ ಚೀಟಿಯನ್ನೇ ಬದಲಿಸಿ ಕೊಡುತ್ತಾಳೆ. ತನ್ನ ಮನೆಯ ಸೋಫಾಕ್ಕೆ ಪ್ಲಾಸ್ಟಿಕ್ ಹೊದಿಸಿದ್ದಾಳೆ.

ಮೊದಲ ಕಂತಿನಲ್ಲೇ ಮಗ ಅವ್ವನಿಗೆ ಒಂದು ಉಡುಗೊರೆ ಕೊಡುತ್ತಾನೆ. ತಿಂಗಳಿಗೊಮ್ಮೆ ಹಣ್ಣಿನ ಪೆಟ್ಟಿಗೆ ಮನೆಗೆ ಬರುವ ಏರ್ಪಾಟು. ಅವ್ವ ಗಾಬರಿ. ಇಷ್ಟು ಹಣ್ಣು ಯಾರು ತಿನ್ನಬೇಕು, ಎಲ್ಲಿಡಬೇಕು, ಮುಂದಿನ ತಿಂಗಳೂ ಬರುತ್ತದಂತಲ್ಲ, ನಿಲ್ಲಿಸೋದು ಹೇಗೆ? ಪ್ರೇಕ್ಷಕರು ಬಿದ್ದು ಬಿದ್ದು ನಕ್ಕರು. ನಾವೂ ನಕ್ಕೆವು. ಧಾರಾವಾಹಿ ಕಟ್ಟಿದ ಫಿಲ್ ರೋಸೆಂತಾಲ್ ಅವರ ಸ್ವಂತ ಮನೆಯಲ್ಲೇ ಹೀಗಾಗಿತ್ತಂತೆ. ಅವರು ತಮ್ಮ ತಂದೆತಾಯಿಗೆ ಅದೇ ಹಣ್ಣು ಕಳಿಸಿ ಅದೇ ಬೈಗುಳ ತಿಂದಿದ್ದರು.

ಆ ವರ್ಷವೇ ನಾವು ಫೆಲೋಶಿಪ್ಪಿನ ಮೊದಲ ಕಂತಿನಲ್ಲಿ ಅವ್ವನಿಗೆ ಮಿಕ್ಸಿ ತೆಗೆದುಕೊಟ್ಟೆವು. ಮುಂದಿನ ಸಲ ಊರಿಗೆ ಹೋದರೆ ಅವ್ವ ಒರಳಲ್ಲೇ ಖಾರ ಅರೆಯುತ್ತಿದ್ದಾಳೆ. ಮಿಕ್ಸಿ ಹಳೇ ಸೀರೆ ಸುತ್ತಿಕೊಂಡು ಟ್ರಂಕಿನಲ್ಲಿ ಮಲಗಿದೆ. ಯಾಕವ್ವ ಅಂದರೆ, "ಕೆಟ್ಟೋದ್ರೆ ರಿಪೇರಿಗೆ ಯಾರ್ ಕೊಟ್ಟಾರು ಕಾಸು, ಇರ್ಲಿ ಬುಡು" ಅಂದಳು. ನಾವು ನಕ್ಕೆವು. ಆ ನಗು ನಮ್ಮ ಹಟ್ಟಿಯ ನಗು ಆಗಿರಲಿಲ್ಲ. ಅವ್ವನಿಗೂ ಗೊತ್ತಾಯಿತು. ಒರಳು ಬಿಟ್ಟು ಎದ್ದು ಹೊರಕ್ಕೆ ಹೋದಳು.

'ದಿ ಸೊಪ್ರಾನೋಸ್' ನೋಡಿದ್ದು ಇದಾದ ಮೇಲೆ. 1999ರಿಂದ 2007ರವರೆಗೆ 86 ಕಂತು. ಇದೂ ಇಟಲಿಯಿಂದ ಬಂದವರ ಮೊಮ್ಮಕ್ಕಳ ಮನೆಯೇ. ನ್ಯೂಜೆರ್ಸಿಯ ಟೋನಿ ಸೊಪ್ರಾನೋ ಹೊರಗೆ ಕಸ ವಿಲೇವಾರಿ ವ್ಯಾಪಾರಿ, ಒಳಗೆ ಮಾಫಿಯಾದ ಧಣಿ. ಇಲ್ಲೂ ಮೊದಲ ಕಂತಿನಲ್ಲೇ ಮಗ ಅವ್ವನ ಮನೆಗೆ ಪೆಟ್ಟಿಗೆ ಹೊತ್ತುಕೊಂಡು ಬರುತ್ತಾನೆ. ಹಾಡಿನ ಪೆಟ್ಟಿಗೆ, ಸಿಡಿ ಹಾಕುವಂಥದು, ಜೊತೆಗೆ ಅವಳ ಕಾಲದ ಹಾಡುಗಳು. ಹಾಡು ಹಚ್ಚಿ ಅವಳನ್ನು ಕುಣಿಸಲು ನೋಡುತ್ತಾನೆ. ಲಿವಿಯಾ ಜಗ್ಗುವುದಿಲ್ಲ. ಕತ್ತಲಾದ ಮೇಲೆ ಫೋನು ಬಂದರೆ ಎತ್ತುವುದಿಲ್ಲ ಎನ್ನುವ ಹೆಂಗಸು ಅವಳು. ನಾವು ನಗುವಿಗೆ ಕಾದೆವು. ನಗು ಬರಲಿಲ್ಲ. ಇಲ್ಲಿ ಪ್ರೇಕ್ಷಕರನ್ನು ಕೂರಿಸಿಲ್ಲ. ಮೂವರೂ ಮುಖ ಮುಖ ನೋಡಿಕೊಂಡು, ಈಗೇನು ಮಾಡಬೇಕು ಅಂತ ತಿಳಿಯದೆ ಕೂತೆವು.

ಈ ಲಿವಿಯಾಳನ್ನೂ ಡೇವಿಡ್ ಚೇಸ್ ತಮ್ಮ ತಾಯಿಯನ್ನು ನೆನೆದೇ ಬರೆದದ್ದು. ಇಬ್ಬರು ಗಂಡಸರು, ಇಬ್ಬರಿಗೂ ಅವ್ವನೇ ಬಂಡವಾಳ. ಒಬ್ಬರು ನಗಿಸಿದರು, ಇನ್ನೊಬ್ಬರು ಹೆದರಿಸಿದರು.

ಅವತ್ತು ರಾತ್ರಿ ನಮ್ಮ ಕೋಣೆಯಲ್ಲಿ ಜಗಳ ಹತ್ತಿತು. ಮರೀಯ ಕತೆಯಿಂದ ನಗು ಕಿತ್ತು ಹಾಕಿದರೆ ಉಳಿಯುವುದು ಲಿವಿಯಾನೇ ಅಂತ ಒಬ್ಬನ ವಾದ. ಸೊಸೆಯ ಶೀಶೆಯ ಚೀಟಿ ಬದಲಿಸುವುದು ನಗು ಇಲ್ಲದೆ ನೋಡಿದರೆ ವಿಷ ಹಾಕಿದಂತೆಯೇ ಅಲ್ಲವೆ? ಇನ್ನೊಬ್ಬ ಒಪ್ಪಲಿಲ್ಲ. ಮರೀ ಊಟ ಇಕ್ಕುತ್ತಾಳೆ, ಲಿವಿಯಾ ಯಾರಿಗೆ ಏನಿಕ್ಕಿದಳು ಹೇಳು ಅಂದ. ಅವನ ಮಾತಲ್ಲೂ ಹುರುಳಿತ್ತು. ಲಿವಿಯಾಳನ್ನು ನಾವು ತೊಳೆದು ಬಿಳಿ ಮಾಡಲಾರೆವು. ತನ್ನನ್ನು ಮುದುಕರ ಮನೆಗೆ ಸೇರಿಸಿದನೆಂದು ಗಂಡನ ಅಣ್ಣನ ಕಿವಿಗೆ ಊದಿ, ಹೆತ್ತ ಮಗನ ಕೊಲೆಗೇ ದಾರಿ ಮಾಡಿಕೊಟ್ಟವಳು. ಹಿಂದೆ ಗಂಡ ನೆವಾಡಾಕ್ಕೆ ಹೋಗಿ ಬೇರೆ ಬದುಕು ಮಾಡೋಣ ಅಂದಾಗ, ಅಲ್ಲಿಗೆ ಕರಕೊಂಡು ಹೋಗುವ ಬದಲು ಮಕ್ಕಳ ಮುಖಕ್ಕೆ ದಿಂಬು ಒತ್ತುತ್ತೇನೆ ಎಂದವಳು. ಮೊದಲ ವರ್ಷದ ಕೊನೆಯ ಕಂತಿನಲ್ಲಿ ಮಗನೇ ಕೈಯಲ್ಲಿ ದಿಂಬು ಹಿಡಿದು ಅವಳನ್ನು ಹುಡುಕಿ ಬರುತ್ತಾನೆ. ಅವ್ವ ಕೊಟ್ಟದ್ದನ್ನೇ ಹಿಂತಿರುಗಿಸಲು ಬಂದವನ ಹಾಗೆ.

ಆದರೆ ಲಿವಿಯಾ ಒಮ್ಮೆ ಖುಷಿಯಾಗಿದ್ದಳು. ಅದನ್ನು 2001ರಲ್ಲಿ ಬಂದ 'ಫಾರ್ಚುನೇಟ್ ಸನ್' ಎಂಬ ಕಂತು ತೋರಿಸುತ್ತದೆ. ನಮಗೆ ಎರಡೂ ಧಾರಾವಾಹಿಗಳ ಕೀಲಿ ಸಿಕ್ಕಿದ್ದು ಅಲ್ಲಿ. ಟೋನಿ ಇನ್ನೂ ಚಿಕ್ಕ ಹುಡುಗ. ಸಾಟ್ರಿಯಾಲೆ ಎಂಬ ಮಾಂಸದಂಗಡಿಯವನು ಸಾಲ ತೀರಿಸಿಲ್ಲ. ಟೋನಿಯ ಅಪ್ಪ ಮಚ್ಚು ಎತ್ತಿ ಅವನ ಕಿರುಬೆರಳು ಕತ್ತರಿಸುತ್ತಾನೆ. ಹುಡುಗ ಕಣ್ಣಾರೆ ನೋಡುತ್ತಾನೆ. ಅದೇ ಅಂಗಡಿಯ ಬಾಡು ಬಿಟ್ಟಿಯಾಗಿ ಇವರ ಮನೆಗೆ ಬರುತ್ತದೆ. ಅಡುಗೆಮನೆಯಲ್ಲಿ ಲಿವಿಯಾ ಅರಳಿ ನಿಲ್ಲುತ್ತಾಳೆ. ಗಂಡ ಅವಳ ಸೊಂಟ ಹಿಡಿದು ಕುಣಿಯುತ್ತಾನೆ. ಟೋನಿ ತಟ್ಟೆಯ ಮುಂದೆಯೇ ಮೂರ್ಛೆ ಹೋಗುತ್ತಾನೆ. ಅವನ ಬದುಕಿನ ಮೊದಲ ಮೂರ್ಛೆ ಅದು. ಅವ್ವ ನಕ್ಕ ದಿನ ಅಂದರೆ ಒಬ್ಬನ ಬೆರಳು ಹೋದ ದಿನ ಅಂತ ಅವನ ಮೈಗೆ ಗೊತ್ತಾಗಿಬಿಟ್ಟಿತ್ತು, ಬಾಯಿಗೆ ಹೇಳಲು ಬರುತ್ತಿರಲಿಲ್ಲ.

ಬಾಡು ಬಂದ ದಿನ ಅವ್ವ ಅರಳುವುದು ನಮಗೆ ಹೊಸದಲ್ಲ. ಇದನ್ನು ಓದುವ ಎಷ್ಟೋ ಜನರಿಗೂ ಹೊಸದಲ್ಲ. ಆದರೆ ನಮ್ಮ ಹಟ್ಟಿಗಳಲ್ಲಿ ಆ ಬಾಡಿಗೆ ದುಡಿದವರು ಯಾರು ಅಂತ ಮಕ್ಕಳಿಗೆ ಗೊತ್ತಿರುತ್ತದೆ. ನಮ್ಮ ಡಿಗ್ರಿಯ ಲೆಕ್ಕದಲ್ಲೂ ಒಂದು ಬೆರಳು ಉಂಟು. ಕಬ್ಬು ಸವರುವಾಗ ಮಚ್ಚು ತಗುಲಿ ಸೊಟ್ಟಗಾದ ಅವ್ವನದೇ ಎಡಗೈ ಬೆರಳು ಅದು.

ಇಲ್ಲಿಂದ ಮತ್ತೆ ಲಿನ್‌ಬ್ರೂಕಿನ ಊಟದ ಮೇಜಿಗೆ ಹೋಗಿ ಕೂತು ನೋಡಿ. ಒಂಬತ್ತು ವರ್ಷ ಮರೀ ಅಟ್ಟು ಇಕ್ಕಿದಳು. ಮಾಂಸ ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ಅಂಗಡಿಯವನಿಗೆ ಮುಖವೇ ಇಲ್ಲ. ಹಾಸ್ಯದ ಮನೆಗೆ ಹೊರಗೋಡೆ ಇರುತ್ತದೆ, ಬೀದಿ ಇರುವುದಿಲ್ಲ. ಜಗಳವೆಲ್ಲ ಒಳಗಿನದು, ಇಪ್ಪತ್ತೆರಡು ನಿಮಿಷದಲ್ಲಿ ತೀರುವಂಥದು. ಅತ್ತೆಯ ಹಿಂಸೆಯನ್ನು ಅನುಭವಿಸುವ ಡೆಬ್ರಾಳ ಸಿಟ್ಟು ನಿಜವಾದ ಸಿಟ್ಟೇ, ಆದರೆ ಅವಳು ಬಾಯಿ ತೆರೆಯುವುದರೊಳಗೆ ಯಾರಾದರೂ ನಗುತ್ತಾರೆ.

ಟೋನಿಯ ಹೆಂಡತಿ ಕಾರ್ಮೆಲಾಗೆ ಆ ರಕ್ಷಣೆ ಇಲ್ಲ. ಅದೇ 2001ರ 'ಸೆಕೆಂಡ್ ಒಪಿನಿಯನ್' ಕಂತಿನಲ್ಲಿ ಅವಳು ಕ್ರಾಕೋವರ್ ಎಂಬ ಮುದಿ ಮನೋವೈದ್ಯನ ಬಳಿ ಹೋಗುತ್ತಾಳೆ. ಸಮಾಧಾನ ಹೇಳುತ್ತಾನೆ ಅಂದುಕೊಂಡರೆ ಆತ, ಮಕ್ಕಳನ್ನು ಕರೆದುಕೊಂಡು ಗಂಡನನ್ನು ಬಿಟ್ಟು ಹೊರಡು ಎನ್ನುತ್ತಾನೆ. ರಕ್ತದ ದುಡ್ಡು ನನಗೆ ಬೇಡವೆಂದು ತನ್ನ ಫೀಸನ್ನೂ ಮುಟ್ಟುವುದಿಲ್ಲ. ಕಾರ್ಮೆಲಾ ಮನೆಗೆ ಬಂದು ಸೋಫಾದ ಮೇಲೆ ಮುದುಡಿ ಬೀಳುತ್ತಾಳೆ. ಆಮೇಲೆ ಏನು ಮಾಡುತ್ತಾಳೆ ಗೊತ್ತೆ? ಮಗಳು ಮೆಡೋ ಓದುವ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಗಂಡನಿಂದ 50,000 ಡಾಲರ್ ದಾನ ಕೊಡಿಸುತ್ತಾಳೆ. ಹೊರಡುವುದಿಲ್ಲ. ವಿದ್ಯೆಗೆ ಕೊಟ್ಟರೆ ದುಡ್ಡಿನ ರಕ್ತ ತೊಳೆದು ಹೋಗುತ್ತದೆ ಅನ್ನುವ ನಂಬಿಕೆ ಇರಬೇಕು. 1999ರ 'ಕಾಲೇಜ್' ಕಂತಿನಲ್ಲಿ ಇದೇ ಮೆಡೋಗೆ ಕಾಲೇಜು ತೋರಿಸಲು ಕರೆದೊಯ್ದ ಅಪ್ಪ, ಮಗಳು ಸಂದರ್ಶನದಲ್ಲಿ ಕೂತಿರುವ ಹೊತ್ತಿನಲ್ಲೇ ಒಬ್ಬನ ಕತ್ತು ಬಿಗಿದು ಕೊಂದು ಬಂದಿದ್ದ. ಎಲ್ಲಾ ಮನೆಗಾಗಿ. ಅವನ ಕೊಲೆಗಾರ ಗುಂಪಿನ ಹೆಸರೂ 'ಕುಟುಂಬ'ವೇ.

ಅಮೆರಿಕದ ಇಟಲಿ ಮೂಲದ ಗಣ್ಯರಿಗೆ ರೇಮಂಡನ ಮನೆ ತೊಂದರೆ ಕೊಡಲಿಲ್ಲ, ಸೊಪ್ರಾನೋ ಮನೆ ಅವಮಾನ ಅನ್ನಿಸಿತು. 2002ರಲ್ಲಿ ನ್ಯೂಯಾರ್ಕಿನ ಮೇಯರ್ ಬ್ಲೂಮ್‌ಬರ್ಗ್ ಈ ಧಾರಾವಾಹಿಯ ಇಬ್ಬರು ನಟರನ್ನು ಕೊಲಂಬಸ್ ದಿನದ ಮೆರವಣಿಗೆಗೆ ಕರೆದಾಗ ಸಂಘಟಕರು ಒಪ್ಪಲಿಲ್ಲ. ಮೇಯರ್ ಮೆರವಣಿಗೆ ಬಿಟ್ಟು ನಟರ ಜೊತೆ ಊಟಕ್ಕೆ ಹೋದರು. ಕೊಲೆಗಾರನ ಪಾತ್ರ ಮಾಡಿದವರು ಬೇಡ, ಕೊಲಂಬಸ್ ಮಾತ್ರ ಬೇಕು! ಅವರ ನೋವೂ ಸುಳ್ಳಲ್ಲ. 1891ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ಜನ ಜೈಲಿಗೆ ನುಗ್ಗಿ 11 ಮಂದಿ ಇಟಲಿಯವರನ್ನು ಕೊಂದಿದ್ದರು. 1924ರ ವಲಸೆ ಕಾನೂನು ಇಟಲಿಯಿಂದ ಬರುವವರಿಗೆ ಬಾಗಿಲು ಹೆಚ್ಚುಕಡಿಮೆ ಮುಚ್ಚಿಯೇ ಬಿಟ್ಟಿತು. ಪೂರಾ ಬಿಳಿಯರಲ್ಲ ಅನ್ನಿಸಿಕೊಂಡು ಬಾಗಿಲಾಚೆ ನಿಂತಿದ್ದ ಜನ.

ಆ ಜನದ ಮೊಮ್ಮಗ ಟೋನಿ, ತನ್ನ ಬಾಗಿಲಲ್ಲಿ ಏನು ಮಾಡಿದ?

ಮೆಡೋಗೆ ಕಾಲೇಜಿನಲ್ಲಿ ಒಬ್ಬ ಗೆಳೆಯ, ನೋವಾ. ತಂದೆ ಯಹೂದಿ ವಕೀಲ, ತಾಯಿ ಕಪ್ಪು ಹೆಂಗಸು. ಓದಿದವನು, ಉಳ್ಳವರ ಮನೆಯವನು, ಟೋನಿಗಿಂತ ಹತ್ತು ಪಾಲು ಚೆನ್ನಾಗಿ ಮಾತಾಡುವವನು. ಒಂದು ದಿನ ಮೆಡೋ ಅವನನ್ನು ಮನೆಗೆ ಕರೆತರುತ್ತಾಳೆ. ಮಗಳು ಆಚೆ ಹೋದ ಸಮಯ ನೋಡಿ ಟೋನಿ ಅವನ ಕುಲ ಕೇಳುತ್ತಾನೆ. ಹೌದು ಗೆಳೆಯರೆ, ಕುಲವೇ. ಇದಕ್ಕೆ ಬೇರೆ ಪದ ಹುಡುಕುವ ಕಷ್ಟ ನಮಗೇಕೆ? ಆಮೇಲೆ ನನ್ನ ಮಗಳ ಸಹವಾಸ ಬಿಡು ಅಂತ ಹೇಳಿ ಅಟ್ಟುತ್ತಾನೆ. ಅಟ್ಟಿ ಅಡುಗೆಮನೆಗೆ ಬಂದರೆ ಕಪಾಟಿನಲ್ಲಿ ಅಂಕಲ್ ಬೆನ್ಸ್ ಅಕ್ಕಿಯ ಪೊಟ್ಟಣ, ಅದರ ಮೇಲೆ ನಗುವ ಕರಿಯ ಮುದುಕನ ಚಿತ್ರ. ಟೋನಿ ಮತ್ತೆ ಮೂರ್ಛೆ ಬೀಳುತ್ತಾನೆ. (ಆ ಹೆಸರನ್ನು ಚಿತ್ರ ಸಮೇತ ತೆಗೆಯುತ್ತೇವೆ ಅಂತ ಕಂಪನಿಯವರು ಹೇಳಿದ್ದು 2020ರಲ್ಲಿ. ಅಲ್ಲಿಯವರೆಗೆ ಆ ಮುದುಕ ಅಡುಗೆಮನೆಗಳ ಒಳಗೇ ಇದ್ದ. ಅಕ್ಕಿ ಮಾರಲು ಬರಬಹುದು, ಮಗಳನ್ನು ಕೇಳಲು ಬರಬಾರದು.)

ಲಿವಿಯಾ ಸಾಯುವುದೂ ಇದೇ ಕಂತಿನಲ್ಲಿ. ಪಾತ್ರ ಮಾಡಿದ ನ್ಯಾನ್ಸಿ ಮರ್ಚಂಡ್ 2000ದಲ್ಲೇ ತೀರಿಕೊಂಡಿದ್ದರಿಂದ ಅವರ ಮುಖವನ್ನು ಕಂಪ್ಯೂಟರಿನಲ್ಲಿ ಬೇರೊಂದು ಮೈಗೆ ಅಂಟಿಸಿ ಕೊನೆಯ ಮಾತು ಆಡಿಸಿದರು. ನೋಡಿದರೆ ಅಂಟಿಸಿದ್ದು ಗೊತ್ತಾಗುತ್ತದೆ. ತಿಥಿಯ ಮನೆಯಲ್ಲಿ ಎಲ್ಲರೂ ಸತ್ತವಳ ಬಗ್ಗೆ ಒಳ್ಳೆಯ ಮಾತಿಗೆ ತಡಕಾಡುತ್ತಿದ್ದಾಗ ಸೊಸೆ ಕಾರ್ಮೆಲಾ ತಡೆಯದೆ ಎದ್ದು ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತಾಳೆ. ಬದುಕಿನ ಎಲ್ಲ ಕೆಟ್ಟದ್ದಕ್ಕೂ ಮುದುಕಿಯೇ ಕಾರಣ ಅನ್ನುವ ಹಾಗೆ. ನಾವೂ ಎಷ್ಟೋ ಕಂತು ಹಾಗೇ ನಂಬಿದ್ದೆವು. ನೋವಾನನ್ನು ಅಟ್ಟಿದಾಗ ಮಾತ್ರ ಆ ನಂಬಿಕೆ ಕೈಕೊಟ್ಟಿತು. ಆ ಕೆಲಸಕ್ಕೆ ಲಿವಿಯಾ ಹೇಳಿಕೊಟ್ಟಿರಲಿಲ್ಲ. ಅದು ಟೋನಿಯ ಸ್ವಂತ ಕೆಲಸ. ಅವ್ವನನ್ನು ಬೈಯಲು ವೈದ್ಯೆಯ ಮುಂದೆ ವರ್ಷಗಟ್ಟಲೆ ಕೂತವನು, ಈ ಬಾಗಿಲ ವಿಚಾರಕ್ಕೆ ತಲೆ ತಗ್ಗಿಸಲಿಲ್ಲ.

ಮರೀ ಬಡಿಯದೆ ತೆರೆಯುವ ಬಾಗಿಲು, ನೋವಾನ ಬೆನ್ನ ಹಿಂದೆ ಮುಚ್ಚಿದ ಬಾಗಿಲು, ಎರಡೂ ಒಂದೇ ಮರದಿಂದ ಮಾಡಿದವು ಅಂತ ನಮಗೆ ಅನ್ನಿಸುತ್ತದೆ. ನಮ್ಮಲ್ಲೊಬ್ಬ ಇದನ್ನು ಇನ್ನೂ ಒಪ್ಪಿಲ್ಲ. ಮರೀ ಮನೆಗೆ ನೋವಾ ಬಂದಿದ್ದರೆ ಮೊದಲು ತಟ್ಟೆ ಇಕ್ಕುತ್ತಿದ್ದಳು, ಆಮೇಲೆ ಮಾತು ಅನ್ನುತ್ತಾನೆ. ಇದ್ದರೂ ಇರಬಹುದು. ಅವಳ ಬಾಗಿಲಿಗೆ ಅಂಥ ಮದುಮಗನನ್ನು ಬರೆದವರು ಕಳಿಸಲೇ ಇಲ್ಲವಲ್ಲ.

ಕಳೆದ ಸುಗ್ಗಿಯಲ್ಲಿ ಊರಿಗೆ ಹೋದಾಗ, ಅವ್ವ ಕಾಳು ಕೇರುತ್ತಾ ಕೂತಿದ್ದಳು. ಇಬ್ಬರು ಮುದುಕಿಯರ ಕತೆಯನ್ನೂ ಹೇಳಿದೆವು. ಹಣ್ಣಿನ ಪೆಟ್ಟಿಗೆಯ ಕತೆಗೆ ಅವಳು ನಗಲಿಲ್ಲ. "ತಿಂಗ್ ತಿಂಗ್ಳೂ ಬಂದ್ರೆ ಕೊಳ್ತೋಗಕಿಲ್ವಾ, ಸರಿಯಾಗೇ ಅಂದವ್ಳೆ" ಅಂದಳು. ಹಾಡಿನ ಪೆಟ್ಟಿಗೆಗೆ ಸುಮ್ಮನಿದ್ದಳು. ಬೆರಳಿನ ಕತೆಗೆ ಮೊರ ಆಡಿಸುವುದು ನಿಲ್ಲಿಸಿದಳು. ಅಷ್ಟರಲ್ಲಿ ಪಕ್ಕದ ಮನೆಯವಳ ನೆಂಟರು ಬಂದರು. ಅವ್ವ ಕೈ ಒರೆಸಿಕೊಂಡು ಒಳಗೆ ಹೋಗಿ, ಟ್ರಂಕು ತೆಗೆದು, ಸೀರೆ ಬಿಚ್ಚಿ ಅವರಿಗೆ ಮಿಕ್ಸಿ ತೋರಿಸಿದಳು. ನಮ್ಮ ಹೈದ ತಂದದ್ದು ಅಂದಳು. ಮತ್ತೆ ಸುತ್ತಿಟ್ಟಳು.

ನೆಂಟರು ಹೋದ ಮೇಲೆ ಮೊರದ ಮುಂದೆ ಕೂತು ಕೇಳಿದಳು:

"ಆ ಕಪ್ಪು ಹೆಂಗ್ಸಿನ ಮಗ, ಅವ್ರ ಮನೇಲಿ ಉಂಡ್ನೋ, ಉಣ್ದೆ ಹೊಂಟೋದ್ನೋ?"