ಬಿಟ್ಟಿ ಸಿಕ್ಕ ಎಂಟು ಸ್ವರ

ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆಯಿಲ್ಲ ಎನ್ನುವುದು ಸಂಗೀತದ ಮಟ್ಟಿಗೆ ಸುಳ್ಳು. ತೈವಾನಿನ ಗಿಟಾರ್ ವಾದಕ ಜೆರ್ರಿ ಚಾಂಗ್ ಹಳೆಯ ‘ಕ್ಯಾನನ್’ ಕೃತಿಯನ್ನು ಹೆವಿ ಮೆಟಲ್‌ಗೆ ಒಗ್ಗಿಸಿದ ‘ಕ್ಯಾನನ್ ರಾಕ್’ ಎಂಬ ಬರೀ ವಾದ್ಯದ ಕೃತಿಯನ್ನು ಅಂತರ್ಜಾಲಕ್ಕೆ ಹಾಕಿದಾಗ, ಯಾವ ತಂತಿ, ಎಷ್ಟನೇ ಫ್ರೆಟ್ ಎಂದು ತೋರಿಸುವ ಟ್ಯಾಬನ್ನೂ ಹಿಮ್ಮೇಳದ ಟ್ರ್ಯಾಕನ್ನೂ ಪುಕ್ಕಟೆ ಕೊಟ್ಟ. 2005ರ ಕೊನೆಯಲ್ಲಿ, ಟೋಪಿಯಡಿ ಮುಖ ಮರೆಸಿಕೊಂಡ ಕೊರಿಯಾದ ಹುಡುಗನೊಬ್ಬ ಅದನ್ನು ನುಡಿಸಿದ ವಿಡಿಯೊ ಯೂಟ್ಯೂಬಿಗೆ ಬಂತು. ‘ಫನ್‌ಟೂ’ ಎಂಬ ಹೆಸರಿನ ಆ ಹುಡುಗನನ್ನು ಕೋಟ್ಯಂತರ ಜನ ನೋಡಿದರು. ಆಮೇಲೆ ಊರೂರಿನ ಹುಡುಗರು ಅದೇ ಹಿಮ್ಮೇಳಕ್ಕೆ ತಮ್ಮ ತಮ್ಮ ಗಿಟಾರ್ ಜೋಡಿಸಿದರು. ಇದಾದದ್ದು ಬೀಗ ಹಾಕದ ಕಾರಣಕ್ಕೆ. ಮೂಲದ ಜರ್ಮನ್ ಸಂಗೀತಗಾರ ಪಾಕೆಲ್‌ಬೆಲ್ 1706ರಲ್ಲೇ ತೀರಿಕೊಂಡವನು. ಅವನ ‘ಕ್ಯಾನನ್’ಗೆ ಒಡೆಯರಿಲ್ಲ. ಹೊಸದಾಗಿ ಕಟ್ಟಿದವನೂ ಬೇಲಿ ಹಾಕಲಿಲ್ಲ.

ಶಾಸ್ತ್ರೀಯಕ್ಕೂ ಹೆವಿ ಮೆಟಲ್‌ಗೂ ಎತ್ತಣಿಂದೆತ್ತಣ ನಂಟು ಎನ್ನುವವರಿದ್ದಾರೆ. ನಂಟು ಇರುವುದು ನಾದದಲ್ಲೇ. ಮೀಟಿದ ತಂತಿಯ ಸ್ವರ ಬೇಗ ಅಡಗುತ್ತದೆ, ಕಮಾನಿನಿಂದ ಉಜ್ಜಿದ್ದು ನಿಲ್ಲುತ್ತದೆ. ಮೆಟಲ್‌ನವರ ಡಿಸ್ಟಾರ್ಷನ್ (ಬೇಕೆಂದೇ ಒರಟಾಗಿಸಿದ ದನಿ), ಹಲವರ ಕಿವಿಗೆ ಬರೀ ಗರಗರ, ಗಿಟಾರಿನ ಸ್ವರವನ್ನು ವಯಲಿನ್ನಿನಂತೆ ಉದ್ದಕ್ಕೆ ನಿಲ್ಲಿಸುತ್ತದೆ. ಹಾಗಾಗಿಯೇ ಸ್ವೀಡನ್ನಿನ ಮೆಟಲ್ ವಾದಕ ಇಂಗ್ವೆ ಮಾಲ್ಮ್‌ಸ್ಟೀನ್, ಪಿಟೀಲುಗಾರ ಪಗನೀನಿಯ ವಯಲಿನ್ ವೇಗವನ್ನು ಗಿಟಾರಿಗೆ ಇಳಿಸಿಕೊಂಡ. 1984ರ ಅವನ ‘ರೈಸಿಂಗ್ ಫೋರ್ಸ್’ ಆಲ್ಬಮ್ಮಿನಲ್ಲಿ ಹಾಡುಗಾರಿಕೆ ನೆಪಕ್ಕಷ್ಟೇ. ಇನ್ನು ‘ಕ್ಯಾನನ್’ನ ತಳದಲ್ಲಿರುವುದು ಎಂಟೇ ಮಂದ್ರ ಸ್ವರ. ತಬಲಾ ಸೋಲೋದಲ್ಲಿ ಹಾರ್ಮೋನಿಯಂ ಹಿಡಿದ ಲೆಹರಾದಂತೆ ಅದು 28 ಸಲ ಸುತ್ತುತ್ತದೆ. ಮೇಲೆ ಮೂರು ವಯಲಿನ್‌ಗಳು ಒಂದರ ಬೆನ್ನಿಗೊಂದು ಅದೇ ಧಾಟಿ ನುಡಿಸುತ್ತವೆ. ಇಂಥ ಗಟ್ಟಿ ತಳಪಾಯದ ಮೇಲೆ ಡ್ರಮ್ಮೂ ನಿಲ್ಲುತ್ತದೆ.

ಮೂಲ ಕೆಟ್ಟಿತು ಎಂಬ ಕೊರಗಿಗೆ, ಯಾವ ಮೂಲ ಎಂದು ಕೇಳಬೇಕಾಗುತ್ತದೆ. ಕೃತಿ ಮೊದಲು ಅಚ್ಚಾದದ್ದು 1919ರಲ್ಲಿ. ಅದಕ್ಕೆ ಲೋಕಖ್ಯಾತಿ ತಂದದ್ದು ಫ್ರಾನ್ಸಿನ ವಾದ್ಯವೃಂದ ನಿರ್ದೇಶಕ ಪೈಯಾರ್ 1968ರಲ್ಲಿ ಮಾಡಿದ ಧ್ವನಿಮುದ್ರಣ. ಅದರ ತೂಗುಯ್ಯಾಲೆಯಂಥ ನಿಧಾನಗತಿಯೂ ಇಪ್ಪತ್ತನೆಯ ಶತಮಾನದ ಅಲಂಕಾರವೇ. ಬೆರಳಿನ ವೇಗವೇ ಕಲೆಯಾಯಿತು ಎಂಬ ದೂರನ್ನು ಮಾತ್ರ ಅರ್ಧ ಒಪ್ಪಲೇಬೇಕು. ‘ಕ್ಯಾನನ್ ರಾಕ್’ ವಿಡಿಯೊಗಳಲ್ಲಿ ಹೆಚ್ಚಿನವು ಓಟದ ಪಂದ್ಯಗಳು. ಇನ್ನೂ ಗಟ್ಟಿಯಾದ ಆಕ್ಷೇಪ ದುಡ್ಡಿನದು. ಬಿಟ್ಟಿ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಮುಖ: ಪಡೆದವನಿಗೆ ಪುಕ್ಕಟೆ, ದುಡಿದವನಿಗೆ ಕೂಲಿಯಿಲ್ಲದ ಚಾಕರಿ. ಬಿಟ್ಟಿ ಚಾಕರಿಯಲ್ಲಿ ಬಲಾತ್ಕಾರವಿತ್ತು. ಇಲ್ಲಿ ಕೊಟ್ಟವನು ತಾನಾಗಿ ಕೊಟ್ಟ, ಪ್ರತಿಯಾಗಿ ಜಗತ್ತಿನ ಕಿವಿ ಪಡೆದ. ಕಿವಿಯಿಂದ ಮನೆಬಾಡಿಗೆ ಸಲ್ಲುವುದಿಲ್ಲ, ನಿಜ. ಆದ್ದರಿಂದ ಎಲ್ಲ ಕಲಾವಿದರೂ ಹೀಗೆ ಕೊಡಬೇಕೆಂದು ಒತ್ತಾಯಿಸುವ ಹಕ್ಕು ಕೇಳುಗನಿಗಿಲ್ಲ. ಕೊಟ್ಟದ್ದನ್ನು ಕೇಳಲು ಹೊರಟವರು ಮೊದಲು ವಯಲಿನ್‌ಗಳ ‘ಕ್ಯಾನನ್’ ಕೇಳಿ, ಆಮೇಲೆ ಗಿಟಾರಿನದು. ಬೆರಳುಗಳನ್ನು ನೋಡಬೇಡಿ, ಕೆಳಗಿನ ಆ ಎಂಟು ಸ್ವರ ಎಣಿಸುತ್ತಾ ಹೋಗಿ.